ಪರೀಕ್ಷೆಯ ಟ್ರ್ಯಾಕಿನಲ್ಲಿ ಎದುರಾಗದ ಪಾದಚಾರಿ

ಭಾರತದ ರಸ್ತೆಗಳಲ್ಲಿ 2014ರಲ್ಲಿ ವಾಹನಗಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಪಾದಚಾರಿಗಳ ಸಂಖ್ಯೆ 12,330 ಎಂದು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಲೆಕ್ಕ ಹೇಳುತ್ತದೆ; ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2018ರ ಹೊತ್ತಿಗೆ, ಅದು 22,656ಕ್ಕೆ ಏರಿತು, 2022ರಲ್ಲಿ 32 ಸಾವಿರವನ್ನೂ ಮೀರಿತು. ಪೊಲೀಸ್ ಠಾಣೆಗಳಲ್ಲಿ ಅಪಘಾತದ ವಿವರ ದಾಖಲಿಸುವ ಕ್ರಮ ಸುಧಾರಿಸಿದ್ದು ಈ ಏರಿಕೆಯ ಒಂದು ಪಾಲಿಗೆ ಕಾರಣವಾಗಿರಬಹುದಾದರೂ ಅದರಿಂದ ಸಮಾಧಾನ ತಂದುಕೊಳ್ಳುವಂತಿಲ್ಲ, ಏಕೆಂದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಒಟ್ಟು 1,68,491 ಮಂದಿಯಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಕಾಲ್ನಡಿಗೆಯಲ್ಲಿದ್ದವರು. ಬೆಂಗಳೂರಿನಂಥ ಮಹಾನಗರದಲ್ಲಿ ಈ ಪಾಲು ಇನ್ನೂ ದೊಡ್ಡದು. ಕೆಲವು ವರ್ಷಗಳಲ್ಲಿ ಅದು ಮೂರರಲ್ಲೊಂದರ ಆಸುಪಾಸಿಗೆ ಬಂದು ನಿಂತಿದೆ.

ಇದೇ ಅವಧಿಯಲ್ಲಿ ಸಂಚಾರ ಕಾನೂನು ಸಡಿಲವಾಗಿತ್ತೇ ಎಂದು ನೋಡಿದರೆ ಹಾಗೇನೂ ಇಲ್ಲ. 2017ರಲ್ಲಿ ಹೊಸ ಚಾಲನಾ ವಿನಿಯಮಗಳು ಬಂದವು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ ದಂಡದ ಮೊತ್ತಗಳು ಹಲವು ಪಟ್ಟು ಹೆಚ್ಚಿದವು, 2021ರಲ್ಲಿ ಚಾಲನಾ ತರಬೇತಿ ಕೇಂದ್ರಗಳಿಗೆ ಹೊಸ ಮಾನದಂಡ ಜಾರಿಯಾಯಿತು. ಆದರೂ ನಡೆದುಹೋಗುವವರ ಸಾವು ಇಳಿಯಲಿಲ್ಲ. ಇದಕ್ಕೆ ಚಾಲಕರ ಸಂಸ್ಕಾರವನ್ನು ಹಳಿದು ಸುಮ್ಮನಾಗುವುದು ಸುಲಭ, ಆದರೆ ಕಾನೂನಿನ ಕಲಮುಗಳನ್ನೂ ಡಿಎಲ್ ಕೈಗೆ ಬರುವ ಹಾದಿಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಕಾರಣ ಬೇರೆ ಕಡೆ ಕಾಣುತ್ತದೆ: ಪಾದಚಾರಿಗೆ ದಾರಿ ಬಿಡಬೇಕೆಂಬ ನಿಯಮ ಪುಸ್ತಕದಲ್ಲಿದೆ, ಚಾಲಕ ಅದನ್ನು ಪಾಲಿಸಿ ತೋರಿಸಬೇಕಾದ ಗಳಿಗೆ ಮಾತ್ರ ಕಲಿಕೆಯಲ್ಲಾಗಲಿ ಪರೀಕ್ಷೆಯಲ್ಲಾಗಲಿ ಎಲ್ಲೂ ಬರುವುದಿಲ್ಲ, ಮುಂದೆ ರಸ್ತೆಯಲ್ಲಿ ಅದನ್ನು ಮುರಿದಾಗ ಕೇಳುವವರೂ ಇಲ್ಲ.

ರಸ್ತೆಯ ಮೇಲೆ ವಾಹನ ಹೇಗೆ ಓಡಬೇಕೆಂಬುದರ ಎಲ್ಲ ವಿವರವನ್ನೂ 1988ರ ಮೋಟಾರು ವಾಹನ ಕಾಯ್ದೆ ತಾನೇ ಹೇಳುವುದಿಲ್ಲ. ಅದರ 118ನೇ ಕಲಮು ಆ ಕೆಲಸವನ್ನು ಕೇಂದ್ರ ಸರ್ಕಾರ ರಚಿಸುವ ವಿನಿಯಮಗಳಿಗೆ, ಅಂದರೆ ಕಾಯ್ದೆಯ ಅಧಿಕಾರದಲ್ಲಿ ಹೊರಡುವ ವಿವರವಾದ ಉಪನಿಯಮಗಳಿಗೆ, ವಹಿಸಿದೆ. 1989ರಲ್ಲಿ ಬಂದ ಮೊದಲ ವಿನಿಯಮಗಳಲ್ಲಿ ಪಾದಚಾರಿಗಳ ದಾರಿಯ ಹಕ್ಕು ಎಂಬ ಗಂಭೀರ ತಲೆಬರಹದ ನಿಯಮವೊಂದಿತ್ತು. ಅದರ ಕೆಳಗಿದ್ದ ಒಕ್ಕಣೆ ಮಾತ್ರ ಫುಟ್‌ಪಾತ್ ಅಥವಾ ಸೈಕಲ್ ಪಥದ ಮೇಲೆ ವಾಹನ ಓಡಿಸಬಾರದು ಎಂಬಷ್ಟಕ್ಕೇ ಮುಗಿಯುತ್ತಿತ್ತು, ಅದೂ ಸಮವಸ್ತ್ರದಲ್ಲಿರುವ ಪೊಲೀಸರ ಅನುಮತಿ ಇದ್ದರೆ ಓಡಿಸಬಹುದೆಂಬ ವಿನಾಯಿತಿಯ ಸಮೇತ. ಝೀಬ್ರಾ ಪಟ್ಟೆಯ ಹತ್ತಿರ ವೇಗ ತಗ್ಗಿಸಬೇಕು, ಅಲ್ಲಿರುವವರಿಗೆ ಅಪಾಯವಿಲ್ಲವೆಂದು ಖಾತರಿಯಾಗುವವರೆಗೆ ಮುಂದೆ ಹೋಗಬಾರದು ಎಂಬ ಮಾತು ಬೇರೊಂದು ನಿಯಮದಲ್ಲಿತ್ತು. ಖಾತರಿಯಾಯಿತೋ ಇಲ್ಲವೋ ಎಂದು ತೀರ್ಮಾನಿಸುವವನು ಚಾಲಕನೇ ಆಗಿದ್ದರಿಂದ ಅದರ ಬಲವೂ ಅಷ್ಟಕ್ಕಷ್ಟೆ. 2017ರ ವಿನಿಯಮಗಳು ಈ ಅನುಮಾನಕ್ಕೆ ಎಡೆ ಉಳಿಸಲಿಲ್ಲ. ಸಿಗ್ನಲ್ಲೂ ಪೊಲೀಸರೂ ಇಲ್ಲದ ದಾಟುದಾರಿಯನ್ನು ಸಮೀಪಿಸುವ ಚಾಲಕ ವೇಗ ಇಳಿಸಿ, ನಿಂತು, ಪಾದಚಾರಿಗಳಿಗೂ ಗಾಲಿಕುರ್ಚಿಯಲ್ಲಿರುವವರಿಗೂ ದಾರಿ ಬಿಡತಕ್ಕದ್ದು ಎಂದು ಅವು ವಿಧಿಸಿದವು. ಮುಂದೆ ವಾಹನಗಳು ಕಿಕ್ಕಿರಿದು ನಿಂತಿರುವಾಗ ಪಟ್ಟೆಯ ಮೇಲೆಯೇ ಹೋಗಿ ನಿಲ್ಲುವುದನ್ನೂ ನಿಷೇಧಿಸಿದವು. ಹೀಗೆ ಸಿಗ್ನಲ್ ಇಲ್ಲದ ಪಟ್ಟೆಯ ಮೇಲೆ ಮೊದಲ ಹಕ್ಕು ನಡೆಯುವವರದು ಎಂಬುದು ಈ ದೇಶದಲ್ಲಿ ಹಲವು ವರ್ಷಗಳಿಂದ ಸ್ಪಷ್ಟ ಕಾನೂನು.

ಈ ಕಾನೂನನ್ನು ಮುರಿದರೆ ಏನಾಗುತ್ತದೆ ಎಂಬಲ್ಲಿ ಮಾತು ತೆಳುವಾಗುತ್ತದೆ. 2019ರ ತಿದ್ದುಪಡಿ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ 184ನೇ ಕಲಮಿಗೆ ಒಂದು ವಿವರಣೆಯನ್ನು ಸೇರಿಸಿ, ಕೆಂಪು ದೀಪ ದಾಟುವುದು, ನಿಲುಗಡೆ ಸೂಚನೆ ಮೀರುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು, ನಿಯಮ ಮೀರಿ ಓವರ್‌ಟೇಕ್ ಮಾಡುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಇವನ್ನೆಲ್ಲ ಹೆಸರು ಹೇಳಿ ಪಟ್ಟಿ ಮಾಡಿತು. ಝೀಬ್ರಾ ಪಟ್ಟೆಯ ಮೇಲೆ ಪಾದಚಾರಿಗೆ ದಾರಿ ಬಿಡದಿರುವುದು ಆ ಪಟ್ಟಿಯಲ್ಲಿ ಹೆಸರಾಗಿ ಬರಲಿಲ್ಲ. ಸಮರ್ಥ ಮತ್ತು ಜಾಗರೂಕ ಚಾಲಕನಿಂದ ನಿರೀಕ್ಷಿಸಬಹುದಾದ ಮಟ್ಟಕ್ಕಿಂತ ತೀರ ಕೆಳಗಿನ ಚಾಲನೆ ಎಂಬ ಕೊನೆಯ ಸಾಮಾನ್ಯ ವರ್ಗದೊಳಗೆ ಅದನ್ನು ತರಬಹುದಾದರೂ, ಹಾಗೆ ತರಬೇಕಾದರೆ ಪೊಲೀಸರು ಸಾಕ್ಷ್ಯ ಕಟ್ಟಬೇಕು, ನ್ಯಾಯಾಲಯಕ್ಕೆ ಒಪ್ಪಿಸಬೇಕು. ಇಲ್ಲದಿದ್ದರೆ ಉಳಿಯುವುದು 118ನೇ ಕಲಮಿನ ವಿನಿಯಮಗಳ ಉಲ್ಲಂಘನೆಗೆ ಗೊತ್ತುಮಾಡಿದ 177ಎ ಕಲಮು; ಅದರಲ್ಲಿ ದಂಡ 500 ರೂಪಾಯಿಗೆ ಕಡಿಮೆಯಿಲ್ಲದಂತೆ, 1,000 ರೂಪಾಯಿ ಮೀರದಂತೆ. ಅದೇ ಕಾಯ್ದೆಯ 194ಡಿ ಕಲಮು ಹೆಲ್ಮೆಟ್ ಇಲ್ಲದ ಸವಾರನಿಗೆ 1,000 ರೂಪಾಯಿ ದಂಡದ ಜೊತೆಗೆ ಮೂರು ತಿಂಗಳ ಲೈಸೆನ್ಸ್ ಅನರ್ಹತೆಯನ್ನೂ ವಿಧಿಸುತ್ತದೆ. ಹೆಲ್ಮೆಟ್ ನಿಯಮ ಬಿಗಿಯಾಗಿರುವುದು ತಪ್ಪೇನಲ್ಲ, ಆದರೆ ತನ್ನ ತಲೆಯನ್ನೇ ಅಪಾಯಕ್ಕೊಡ್ಡಿದವನು ಲೈಸೆನ್ಸ್ ಕಳೆದುಕೊಳ್ಳುತ್ತಾನೆ, ಪಟ್ಟೆಯ ಮೇಲಿದ್ದ ಇನ್ನೊಬ್ಬರ ಪ್ರಾಣವನ್ನು ಅಪಾಯಕ್ಕೊಡ್ಡಿದವನು ಐನೂರು ರೂಪಾಯಿ ಕಟ್ಟಿ ಹೋಗುತ್ತಾನೆ ಎಂಬ ಏರ್ಪಾಟಿನಲ್ಲಿ ಎಲ್ಲೋ ತೂಕ ತಪ್ಪಿದೆ.

ದಂಡಕ್ಕಿಂತ ಮೊದಲಿನ ಪ್ರಶ್ನೆ ವೇಗದ್ದು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಎದುರಿಗೆ ಮಗುವೊಂದು ಅಡ್ಡ ಬಂದದ್ದನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕನ್ನು ಮುಟ್ಟಲು ಎಚ್ಚರದಲ್ಲಿರುವ ಚಾಲಕನಿಗೂ ಒಂದು ಸೆಕೆಂಡಿನಷ್ಟಾದರೂ ಬೇಕು. ಅದೇ ಜಾಗದಲ್ಲಿ 30ರ ವೇಗದಲ್ಲಿರುವ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಚಿಲ್ಲರೆ ಸಾಗಿ, ಒಣಗಿದ ಡಾಂಬರಿನ ಮೇಲೆ ಮತ್ತೆ 5 ಮೀಟರಿನಲ್ಲಿ ನಿಲ್ಲಬಲ್ಲದು. ಅಂದರೆ 14 ಮೀಟರ್ ದೂರದಲ್ಲಿ ಮಗು ಕಂಡರೆ 30ರ ಕಾರು ಮಗುವಿನ ಮುಂದೆ ನಿಂತಿರುತ್ತದೆ, 50ರ ಕಾರಿನ ಬ್ರೇಕ್ ಇನ್ನೂ ಹಿಡಿಯಲು ಆರಂಭಿಸಿರುವುದೂ ಇಲ್ಲ. ಅದು ಪೂರ್ಣ ವೇಗದಲ್ಲೇ ಬಂದು ಬಡಿಯುತ್ತದೆ. ಎರಡೂ ಕಾರುಗಳ ಚಾಲಕರು ಸಮಾನ ಜಾಗರೂಕರೇ ಆಗಿದ್ದರೂ ಫಲ ಹೀಗೆ ಬೇರೆಯಾಗುತ್ತದೆ. ರಸ್ತೆಯೊಂದರ ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವು ತರುವ ಅಪಘಾತದ ಸಂಭವ ಸುಮಾರು ಶೇ 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದೆ ಇರುವುದು ಇದೇ ಸರಳ ಭೌತಶಾಸ್ತ್ರ.

ಹೀಗಿರುವಾಗ 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ನಗರಸಭೆ, ಪಾಲಿಕೆಗಳ ವ್ಯಾಪ್ತಿಯ ರಸ್ತೆಗಳಲ್ಲಿ ಕಾರುಗಳಿಗೆ 70 ಕಿ.ಮೀ., ಬೈಕುಗಳಿಗೆ 60 ಕಿ.ಮೀ. ಗರಿಷ್ಠ ಮಿತಿಯನ್ನು ನಿಗದಿ ಮಾಡಿತು. ಇದಕ್ಕಿಂತ ಕಡಿಮೆ ಮಿತಿ ಹಾಕುವ ಅಧಿಕಾರ ರಾಜ್ಯಗಳಿಗೂ ಸ್ಥಳೀಯ ಪ್ರಾಧಿಕಾರಗಳಿಗೂ ಇದೆ, ಕೆಲವೆಡೆ ಅದನ್ನು ಬಳಸಿಯೂ ಇದ್ದಾರೆ. ಆದರೆ ಫಲಕವಿಲ್ಲದ ಕಡೆ ಚಾಲಕನ ಮನಸ್ಸಿನಲ್ಲಿ ಉಳಿಯುವುದು ಮೇಲಿನ ಸಂಖ್ಯೆಯೇ. ನಡೆಯುವವರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ 30 ಕಿ.ಮೀ. ಮಿತಿ ಇರಬೇಕೆಂದು 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ಸಚಿವರ ಸಮ್ಮೇಳನದ ಘೋಷಣೆ ಒತ್ತಾಯಿಸಿತ್ತು. ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ಈ ಮಿತಿಯನ್ನು ತಂದಿರುವ ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2024ರ ಜುಲೈಯಿಂದ ಮುಂದಿನ ಹನ್ನೆರಡು ತಿಂಗಳು ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ಹೆಲ್ಸಿಂಕಿಯ ಜನಸಂಖ್ಯೆ ಚಿಕ್ಕದು, ಬಸ್ಸು ಟ್ರಾಮುಗಳ ವ್ಯವಸ್ಥೆ ದೊಡ್ಡದು ಎಂಬುದು ನಿಜ. ಭೌತಶಾಸ್ತ್ರ ಮಾತ್ರ ಎರಡೂ ಕಡೆ ಒಂದೇ.

ವೇಗದ ಲೆಕ್ಕ ಹೀಗಾದರೆ ನೋಟದ ಲೆಕ್ಕ ಇನ್ನೊಂದು. ಒಂದೇ ದಿಕ್ಕಿಗೆ ಎರಡು ಮೂರು ಸಾಲು ವಾಹನ ಹೋಗುವ ರಸ್ತೆಯಲ್ಲಿ, ಎಡಸಾಲಿನ ಬಸ್ಸಿನ ಚಾಲಕ ಪಟ್ಟೆಯ ಮುಂದೆ ನಿಂತು ಮುದುಕಿಯೊಬ್ಬಳಿಗೆ ದಾಟಲು ಸನ್ನೆ ಮಾಡುತ್ತಾನೆ. ಬಸ್ಸು ಯಾಕೆ ನಿಂತಿತೆಂದು ತಿಳಿಯದ ಪಕ್ಕದ ಸಾಲಿನ ಕಾರು ಅಥವಾ ಬೈಕು ಅದನ್ನು ದಾಟಿ ಮುನ್ನುಗ್ಗುತ್ತದೆ. ಬಸ್ಸಿನ ಮೈ ಮರೆಯಾಗಿರುವುದರಿಂದ ಬೈಕಿನವನಿಗೆ ಆಕೆ ಕಾಣುವುದಿಲ್ಲ, ಆಕೆಗೆ ಬೈಕು ಕಾಣುವುದಿಲ್ಲ. ಒಬ್ಬ ಚಾಲಕನ ಸೌಜನ್ಯ ಇನ್ನೊಬ್ಬನ ಅಜ್ಞಾನದ ಜೊತೆ ಸೇರಿ ಸಾವಾಗುತ್ತದೆ. ಪಟ್ಟೆಯ ಮುಂದೆ ವಾಹನವೊಂದು ನಿಂತಿದ್ದರೆ ಪಕ್ಕದವರೂ ನಿಲ್ಲಲೇಬೇಕು ಎಂಬುದು ಹಲವು ದೇಶಗಳಲ್ಲಿ ಚಾಲಕನ ಮೊದಲ ಪಾಠಗಳಲ್ಲಿ ಒಂದಾಗಿರುವುದು ಇದೇ ಕಾರಣಕ್ಕೆ. ಕರ್ನಾಟಕದ ನಗರಗಳಲ್ಲಿ ಇದಕ್ಕೆ ಫ್ರೀ ಲೆಫ್ಟ್ ಎಂಬ ಇನ್ನೊಂದು ತೊಡಕು ಸೇರುತ್ತದೆ: ಸಿಗ್ನಲ್ ಕೆಂಪಾಗಿದ್ದರೂ ಎಡಕ್ಕೆ ತಿರುಗುವವರಿಗೆ ತಡೆಯಿಲ್ಲ ಎಂಬ ರೂಢಿ ಎಷ್ಟು ಬೇರೂರಿದೆಯೆಂದರೆ, ಹಸಿರು ದೀಪದ ನಡೆಯುವ ಮನುಷ್ಯನ ಚಿತ್ರವನ್ನು ನಂಬಿ ಹೆಜ್ಜೆಯಿಟ್ಟ ಪಾದಚಾರಿ ಎಡತಿರುವಿನ ವಾಹನಗಳ ಸಾಲಿಗೆ ಎದುರಾಗುತ್ತಾನೆ, ತಪ್ಪು ತನ್ನದೇ ಇರಬೇಕು ಎಂಬಂತೆ ಹಿಂದೆ ಸರಿಯುತ್ತಾನೆ. ಎಡಗೈ ಚಾಚಿ, ಅಂಗೈ ತೋರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿಟ್ಟುಕೊಂಡೇ ಓಡುನಡಿಗೆಯಲ್ಲಿ ರಸ್ತೆ ದಾಟುವ ನಮ್ಮೂರಿನ ಭಂಗಿ ಕಾನೂನು ಕೊಟ್ಟ ಹಕ್ಕಿನ ಚಲಾವಣೆಯಂತೆ ಕಾಣುವುದಿಲ್ಲ, ಬೇಡಿಕೆಯಂತೆ ಕಾಣುತ್ತದೆ. ವಯಸ್ಸಾದವರಿಗೆ ಆ ಓಟವೂ ಆಗದು. ಸಿಗ್ನಲ್ ಲೆಕ್ಕದಲ್ಲಿ ನಡಿಗೆಯ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುವ ವಾಡಿಕೆಯಿದೆ. 14 ಮೀಟರ್ ಅಗಲದ ರಸ್ತೆಗೆ ಅದರಂತೆ 12 ಸೆಕೆಂಡು ಸಾಕು, ಆದರೆ ಸೆಕೆಂಡಿಗೆ 0.8 ಮೀಟರ್ ನಡೆಯುವ ಮುದುಕರಿಗೆ ಹದಿನೇಳೂವರೆ ಸೆಕೆಂಡು ಹಿಡಿಯುತ್ತದೆ, ಕೊನೆಯ ಐದಾರು ಸೆಕೆಂಡು ಅವರು ಹೊರಟ ವಾಹನಗಳ ಎದುರಿಗೇ ಇರುತ್ತಾರೆ.

ಇಷ್ಟನ್ನೂ ಚಾಲಕನಿಗೆ ಯಾರಾದರೂ ಎಲ್ಲಾದರೂ ಕಲಿಸುತ್ತಾರೆಯೇ? ಕಲಿಕಾ ಪರವಾನಗಿಗೆ, ಜನರ ಬಾಯಲ್ಲಿ ಎಲ್‌ಎಲ್‌ಆರ್‌ಗೆ, ಅಭ್ಯರ್ಥಿ ಕಂಪ್ಯೂಟರಿನ ಮುಂದೆ ಕುಳಿತು ಬಹುಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ಸಂಚಾರ ಫಲಕಗಳ ಚಿತ್ರ ಗುರುತಿಸುವುದೇ ಅದರಲ್ಲಿ ಪ್ರಧಾನ, ಝೀಬ್ರಾ ಪಟ್ಟೆಯ ಪ್ರಶ್ನೆ ಬಂದರೂ ಸರಿ ಉತ್ತರ ಊಹಿಸುವುದು ಕಷ್ಟವಲ್ಲ. ನಂತರ ಡ್ರೈವಿಂಗ್ ಸ್ಕೂಲಿನ ಸರದಿ. ಕೇಂದ್ರ ಮೋಟಾರು ವಾಹನ ನಿಯಮಗಳು ಲಘು ವಾಹನಕ್ಕೆ ಕನಿಷ್ಠ 10 ಗಂಟೆ ನಿಜವಾದ ಚಾಲನೆಯ ತರಬೇತಿಯನ್ನೂ ಸೌಜನ್ಯದ ವರ್ತನೆಯೂ ಸೇರಿದ ಪಾಠಕ್ರಮವನ್ನೂ ಹೇಳುತ್ತವೆಯಾದರೂ, ರೂಢಿಯಲ್ಲಿ ಶಾಲೆ ಕಲಿಸುವುದು ಕ್ಲಚ್ ಬಿಡುವುದು, ಗೇರ್ ಬದಲಿಸುವುದು, ಹಾಫ್ ಕ್ಲಚ್ಚಿನಲ್ಲಿ ಏರು ಹತ್ತಿಸುವುದು, ಮತ್ತು ಟೆಸ್ಟ್ ದಿನ ಎಂಟು ಹಾಕುವುದು. ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಊರವರು ಕರೆಯುವ ಮೋಟಾರು ವಾಹನ ನಿರೀಕ್ಷಕರ ಎದುರು, ಅಥವಾ ಸೆನ್ಸರ್ ಅಳವಡಿಸಿದ ಸ್ವಯಂಚಾಲಿತ ಟ್ರ್ಯಾಕಿನಲ್ಲಿ, ಕಾಲು ನೆಲಕ್ಕೆ ತಾಗಿಸದೆ, ಗೆರೆ ತುಳಿಯದೆ, ಎಂಜಿನ್ ಆಫ್ ಮಾಡಿಕೊಳ್ಳದೆ ಎಂಟನ್ನು ಮುಗಿಸಿದವನು ಪಾಸು. ಸ್ವಯಂಚಾಲಿತ ಟ್ರ್ಯಾಕು ದಲ್ಲಾಳಿಗಳ ಕೈವಾಡವನ್ನು ತಗ್ಗಿಸಬಲ್ಲದು, ಅದು ಸಣ್ಣ ಸಾಧನೆಯಲ್ಲ. ಆದರೆ ಆ ಸೆನ್ಸರುಗಳು ಅಳೆಯುವುದು ವಾಹನದ ಮೇಲಿನ ಹಿಡಿತವನ್ನು. ಎದುರಿಗಿರುವ ಮನುಷ್ಯನ ಇಂಗಿತವನ್ನು ಚಾಲಕ ಓದಬಲ್ಲನೇ ಎಂಬುದನ್ನು ಅಳೆಯುವ ಸಾಧನ ಅಲ್ಲಿಲ್ಲ. ಟ್ರ್ಯಾಕಿನ ಮೇಲೆ ಝೀಬ್ರಾ ಪಟ್ಟೆ ಬಳಿದಿರುವ ಕಡೆಯೂ ಅದರ ಮೇಲೆ ಯಾರೂ ನಡೆಯುವುದಿಲ್ಲ.

ಅಪಾಯವನ್ನು ಮುಂಚೆಯೇ ಗುರುತಿಸುವ ಈ ಸಾಮರ್ಥ್ಯವನ್ನು ಬ್ರಿಟನ್ 2002ರ ನವೆಂಬರಿನಿಂದ ಪ್ರತ್ಯೇಕವಾಗಿ ಪರೀಕ್ಷಿಸುತ್ತಿದೆ. ರಸ್ತೆಯ 14 ಚಿಕ್ಕ ವಿಡಿಯೊಗಳನ್ನು ಅಭ್ಯರ್ಥಿಗೆ ತೋರಿಸಲಾಗುತ್ತದೆ. ನಿಂತ ವಾಹನದ ಹಿಂದಿನಿಂದ ಮಗುವೊಂದು ಇಣುಕುವುದು, ಪಾದಚಾರಿಯೊಬ್ಬ ರಸ್ತೆಗೆ ಕಾಲಿಡಲು ತಯಾರಾಗುವುದು ಇಂಥ ಬೆಳವಣಿಗೆಯನ್ನು ಎಷ್ಟು ಬೇಗ ಗುರುತಿಸಿ ಬಟನ್ ಒತ್ತಿದರೆ ಅಷ್ಟು ಹೆಚ್ಚು ಅಂಕ, ಒಟ್ಟು 75ರಲ್ಲಿ ಕಾರು ಚಾಲಕನಿಗೆ 44 ಬರಬೇಕು. ಎಲ್‌ಎಲ್‌ಆರ್ ಪರೀಕ್ಷೆಗೆ ಈಗಾಗಲೇ ಕಂಪ್ಯೂಟರು ಬಳಸುವ ರಾಜ್ಯಕ್ಕೆ ಇಂಥದ್ದನ್ನು ತರಲು ಹೊಸ ಕಟ್ಟಡವೂ ಬೇಡ, ಹೊಸ ಟ್ರ್ಯಾಕೂ ಬೇಡ. ಶಿವಾಜಿನಗರದ ಬಸ್ ನಿಲ್ದಾಣದ ಮುಂದೆಯೋ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲೋ ತೆಗೆದ ವಿಡಿಯೊ ತುಣುಕುಗಳು ಸಾಕು. 2021ರ ಜುಲೈಯಲ್ಲಿ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಲಘು ವಾಹನದ ತರಬೇತಿಯನ್ನು 29 ಗಂಟೆಗಳಿಗೆ, ಅದರಲ್ಲಿ 8 ಗಂಟೆ ತರಗತಿ ಪಾಠಕ್ಕೆ ನಿಗದಿಪಡಿಸಿ ಪರಿಸ್ಥಿತಿಯನ್ನು ಸ್ವಲ್ಪ ಸುಧಾರಿಸಿತು; ಅಲ್ಲಿ ಪಾಸಾದವರಿಗೆ ಆರ್‌ಟಿಓ ಟೆಸ್ಟಿನಿಂದ ವಿನಾಯಿತಿಯನ್ನೂ ಕೊಟ್ಟಿತು. ಆದರೆ ಲಘು ವಾಹನದ ಕೇಂದ್ರಕ್ಕೆ ಕನಿಷ್ಠ ಒಂದು ಎಕರೆ ಜಾಗ ಬೇಕೆಂಬ ಷರತ್ತಿರುವುದರಿಂದ ಅವು ನಗರದೊಳಗೆ ಹೆಚ್ಚಾಗಿ ಹುಟ್ಟಿಕೊಳ್ಳುವುದು ಕಷ್ಟ.

ಶಿಕ್ಷಣವೇ ಎಲ್ಲಕ್ಕೂ ಮದ್ದು ಎಂಬ ನಂಬಿಕೆಗೂ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲೈಸೆನ್ಸ್ ಪಡೆದ ಚಾಲಕರಿಗೆ ಮತ್ತೆ ಪಾಠ ಹೇಳುವುದರಿಂದ ಅಪಘಾತ ಕಡಿಮೆಯಾಗುತ್ತದೆಯೇ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ, ಅಂದರೆ ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಟ್ಟುನಿಟ್ಟಿನ ವಿಧಾನದಲ್ಲಿ ನಡೆದ ಸಮೀಕ್ಷೆ, ಅದಕ್ಕೆ ಪುರಾವೆ ಸಿಗಲಿಲ್ಲ ಎಂದು ತೀರ್ಮಾನಿಸಿತು. ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಗುಲಾಬಿ ಹಂಚಿ, ಯಮಧರ್ಮನ ವೇಷದವರನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿ, ಶಾಲಾ ಮಕ್ಕಳಿಂದ ಪ್ರಮಾಣವಚನ ಮಾಡಿಸಿ ಮುಗಿಸುವ ಅರಿವು ಕಾರ್ಯಕ್ರಮಗಳ ಬಗ್ಗೆ ಆ ಸಮೀಕ್ಷೆ ಏನೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ಫಲ ಕೊಟ್ಟದ್ದು ಪಾಠವೂ ಕಾನೂನೂ ಒಂದೇ ಜಾಗದಲ್ಲಿ, ಪಟ್ಟೆಯ ಬಳಿಯಲ್ಲೇ, ಒಟ್ಟಿಗೆ ನಡೆದಾಗ. ಅಮೆರಿಕದ ಫ್ಲಾರಿಡಾ ರಾಜ್ಯದ ಗೇನ್ಸ್‌ವಿಲ್ ನಗರದಲ್ಲಿ 2010ರ ಸುಮಾರಿಗೆ ಮಾಡಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ವಾಹನದ ವೇಗಮಿತಿಗೆ ಅನುಗುಣವಾಗಿ ಚಾಲಕನಿಗೆ ನಿಲ್ಲಲು ಎಷ್ಟು ದೂರ ಬೇಕೆಂದು ಲೆಕ್ಕಹಾಕಿ ರಸ್ತೆಯ ಪಕ್ಕ ಒಂದು ಗುರುತು ಇಡಲಾಯಿತು. ವಾಹನ ಆ ಗುರುತಿಗಿಂತ ಹಿಂದೆ ಇರುವಾಗಲೇ ಮಫ್ತಿಯಲ್ಲಿದ್ದವರು ಪಟ್ಟೆಗೆ ಕಾಲಿಟ್ಟರು. ಆಗಲೂ ನಿಲ್ಲದ ಚಾಲಕರನ್ನು ಮುಂದೆ ನಿಂತ ಪೊಲೀಸರು ತಡೆದು, ಮೊದಮೊದಲು ಎಚ್ಚರಿಕೆಯನ್ನೂ ವಿವರಣಾ ಪತ್ರವನ್ನೂ, ಆಮೇಲೆ ದಂಡದ ಚೀಟಿಯನ್ನೂ ಕೊಟ್ಟರು. ಎಷ್ಟು ಚಾಲಕರು ದಾರಿ ಬಿಡುತ್ತಿದ್ದಾರೆ ಎಂಬ ಶೇಕಡಾವಾರು ಲೆಕ್ಕವನ್ನು ರಸ್ತೆಬದಿಯ ಫಲಕಗಳಲ್ಲಿ ಬರೆದು ಊರಿಗೇ ತೋರಿಸಲಾಯಿತು. ಆರಂಭದಲ್ಲಿ ಹೆಚ್ಚುಕಡಿಮೆ ಮೂವರಲ್ಲೊಬ್ಬ ಚಾಲಕ ನಿಲ್ಲುತ್ತಿದ್ದ ಪಟ್ಟೆಗಳಲ್ಲಿ ಒಂದು ವರ್ಷದೊಳಗೆ ಆ ಪ್ರಮಾಣ ಸುಮಾರು ದುಪ್ಪಟ್ಟಾಯಿತು. ಪೊಲೀಸರು ನಿಲ್ಲದ ಬೇರೆ ಪಟ್ಟೆಗಳಲ್ಲೂ ಏರಿಕೆ ಕಂಡಿತು. ಇದರಲ್ಲಿ ದುಬಾರಿ ತಂತ್ರಜ್ಞಾನ ಏನೂ ಇಲ್ಲ. ನಿಲ್ಲಲು ಸಾಕಷ್ಟು ದೂರ ಇತ್ತು ಎಂಬುದನ್ನು ಮೊದಲೇ ಅಳೆದಿಟ್ಟದ್ದರಿಂದ, ಏಕಾಏಕಿ ಅಡ್ಡ ಬಂದರು ಎಂಬ ವಾದಕ್ಕೆ ಜಾಗವಿಲ್ಲದಂತಾದದ್ದು ಇದರ ಜಾಣತನ.

ಬೆಂಗಳೂರಿನಲ್ಲಿ ತಂತ್ರಜ್ಞಾನಕ್ಕೆ ಕೊರತೆಯಿಲ್ಲ. 2022ರ ಡಿಸೆಂಬರಿನಲ್ಲಿ ಆರಂಭವಾದ ಸಂಚಾರ ನಿರ್ವಹಣಾ ವ್ಯವಸ್ಥೆಯಲ್ಲಿ 50 ಜಂಕ್ಷನ್‌ಗಳಲ್ಲಿ 330 ಕ್ಯಾಮೆರಾಗಳಿದ್ದು, ಕೆಂಪು ದೀಪ ದಾಟಿದ, ಸ್ಟಾಪ್ ಲೈನ್ ಮೀರಿದ, ಹೆಲ್ಮೆಟ್ ಹಾಕದ ವಾಹನಗಳನ್ನು ನಂಬರ್ ಪ್ಲೇಟಿನ ಸಮೇತ ಹಿಡಿದು ಮಾಲೀಕರಿಗೆ ದಂಡದ ಸಂದೇಶ ಕಳಿಸುತ್ತವೆ. ಕ್ಯಾಮೆರಾದ ಕಾವಲು ಪರಿಣಾಮ ಬೀರುತ್ತದೆ ಎಂಬುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯೇ ಸಾಕ್ಷಿ: 2023ರಲ್ಲಿ ವೇಗಮಿತಿಯನ್ನು ಕಟ್ಟುನಿಟ್ಟು ಮಾಡಿ, ಬೈಕು ಆಟೋಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು, ಕ್ಯಾಮೆರಾ ಕೂಡಿಸಿದ ಮೇಲೆ ಅಲ್ಲಿನ ಸಾವುಗಳು ಗಣನೀಯವಾಗಿ ಇಳಿದವು. ಆದರೆ ಜಂಕ್ಷನ್ನಿನ ಕ್ಯಾಮೆರಾ ನೋಡುವುದು ವಾಹನವನ್ನೂ ಗೆರೆಯನ್ನೂ. ಎರಡು ಸಿಗ್ನಲ್ಲುಗಳ ನಡುವಿನ ಪಟ್ಟೆಯಲ್ಲಿ ಕಾಯುತ್ತ ನಿಂತವರಿಗೆ ಎಷ್ಟು ವಾಹನ ದಾರಿ ಬಿಡಲಿಲ್ಲ ಎಂಬುದರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ದಂಡದ ಮೊತ್ತಕ್ಕಿಂತ ಅದು ಬಿದ್ದೇ ಬೀಳುತ್ತದೆ ಎಂಬ ಖಚಿತತೆ ಜನರನ್ನು ತಿದ್ದುತ್ತದೆ ಎಂಬುದು ಅಪರಾಧಶಾಸ್ತ್ರದ ಹಳೆಯ ತಿಳಿವಳಿಕೆ. ಆದರೆ ಕರ್ನಾಟಕದಲ್ಲಿ ಮೊತ್ತವೂ ಖಚಿತತೆಯೂ ಸಡಿಲವಾದವು: 2019ರ ಸೆಪ್ಟೆಂಬರಿನಲ್ಲಿ ಹಲವು ದಂಡಗಳನ್ನು ಇಳಿಸಲಾಯಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಗಳಿಗೆ ಶೇ 50ರಷ್ಟು ರಿಯಾಯಿತಿ ಘೋಷಿಸಿದಾಗ ಬೆಂಗಳೂರಿನಲ್ಲಿ ಹತ್ತೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಹಣ ಬಂತು, ಮುಂದೆಯೂ ಇಂಥ ರಿಯಾಯಿತಿಗಳು ಮರುಕಳಿಸಿದವು. ಖಜಾನೆಗೆ ಇದು ಲಾಭದ ವ್ಯವಹಾರ. ಕಾದರೆ ಅರ್ಧಕ್ಕೆ ಮುಗಿಯುತ್ತದೆ ಎಂಬ ಪಾಠವನ್ನು ಸೀರೆ ಅಂಗಡಿಯ ಆಷಾಢದ ಮಾರಾಟದ ಹಾಗೆ ಲಕ್ಷಾಂತರ ಚಾಲಕರಿಗೆ ಕಲಿಸಿದ್ದು ಅದರ ಬೆಲೆ.

ಸಾವಾದ ಮೇಲಿನ ಕಾನೂನು ಬಹುಬೇಗ ಗಮನ ಸೆಳೆಯುತ್ತದೆ, ಆದರೆ ಪಾದಚಾರಿಯನ್ನು ಉಳಿಸುವುದರಲ್ಲಿ ಅದರ ಪಾತ್ರ ಕಡಿಮೆ. ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಐದು ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಗುದ್ದಿ ಪೊಲೀಸರಿಗೆ ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಎಂಬ ಅದರ ಎರಡನೇ ಉಪಕಲಮನ್ನು, 2024ರ ಜನವರಿಯ ಲಾರಿ ಚಾಲಕರ ಮುಷ್ಕರದ ನಂತರ, ಸಂಹಿತೆಯ ಉಳಿದ ಭಾಗದೊಂದಿಗೆ ಜಾರಿಗೆ ತರಲಿಲ್ಲ. ಗುದ್ದಿದ ವಾಹನ ಪತ್ತೆಯಾಗದಿದ್ದರೆ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದವರಿಗೆ 50,000 ರೂಪಾಯಿ ಪರಿಹಾರ 2022ರ ಏಪ್ರಿಲಿನಿಂದ ಸಿಗಬೇಕು. ಅದಕ್ಕೆ ಮೊದಲು ಈ ಮೊತ್ತಗಳು 25,000 ಮತ್ತು 12,500 ರೂಪಾಯಿಗಳಾಗಿದ್ದವು. ವಾಹನ ಪತ್ತೆಯಾದ ಪ್ರಕರಣಗಳಲ್ಲಿ ಸತ್ತವನೇ ಎಚ್ಚರ ತಪ್ಪಿದ್ದ ಎಂಬ ವಾದ, ಕಾನೂನಿನ ಮಾತಿನಲ್ಲಿ ಸಹ-ನಿರ್ಲಕ್ಷ್ಯ, ಪರಿಹಾರದ ಮೊತ್ತವನ್ನು ಕಡಿಯಬಹುದು. ನೆದರ್‌ಲೆಂಡ್ಸಿನ ಸಂಚಾರ ಕಾಯ್ದೆಯ 185ನೇ ಕಲಮು ಈ ತಕ್ಕಡಿಯನ್ನು ತಿರುಗಿಸಿಟ್ಟಿದೆ: 14 ವರ್ಷದೊಳಗಿನ ಪಾದಚಾರಿಗೆ ಮೋಟಾರು ವಾಹನ ಡಿಕ್ಕಿ ಹೊಡೆದರೆ ನಷ್ಟದ ಪೂರ್ತಿ ಹೊಣೆ, ಉಳಿದವರಿಗೆ ಕನಿಷ್ಠ ಅರ್ಧ ಹೊಣೆ ಹೆಚ್ಚುಕಡಿಮೆ ಯಾವಾಗಲೂ ವಾಹನದ ಕಡೆಯದು, ಏಕೆಂದರೆ ಭಾರವಾದದ್ದನ್ನು ರಸ್ತೆಗೆ ತಂದವರು ಅವರು.

ಭಾರತದಲ್ಲಿ ಈ ಚರ್ಚೆಗೆ ಹೊಸ ತಿರುವು ಕೊಟ್ಟದ್ದು ಕೊಯಮತ್ತೂರಿನ ಮೂಳೆ ಶಸ್ತ್ರಚಿಕಿತ್ಸಕ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಅದೇ ಪ್ರಕರಣದಲ್ಲಿ 2025ರ ಮೇ 14ರಂದು ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ, ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿ ಖಾತರಿಪಡಿಸುವ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅದೇ ವರ್ಷದ ಅಕ್ಟೋಬರ್ 7ರಂದು ಇನ್ನೊಂದು ಪೀಠ, ಕಾಯ್ದೆಯ 138(1ಎ) ಮತ್ತು 210ಡಿ ಕಲಮುಗಳ ಅಡಿಯಲ್ಲಿ ಈವರೆಗೆ ನಿಯಮ ರಚಿಸದ ರಾಜ್ಯಗಳು ಆರು ತಿಂಗಳಲ್ಲಿ ರಚಿಸಬೇಕೆಂದು ನಿರ್ದೇಶಿಸಿತು. 210ಡಿ ಕಲಮು ರಾಷ್ಟ್ರೀಯ ಹೆದ್ದಾರಿಯಲ್ಲದ ರಸ್ತೆಗಳ ವಿನ್ಯಾಸ ಮತ್ತು ನಿರ್ವಹಣೆಯ ಮಾನದಂಡಗಳಿಗೆ ಸಂಬಂಧಿಸಿದ್ದು. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದಾದರೂ ಅದಕ್ಕೆ ಕಾನೂನಿನ ಬಲ ಬರಬೇಕಾದರೆ ಇಂಥ ನಿಯಮವೇ ದಾರಿ. ಚಾಲಕನ ಎದುರು ಪಾದಚಾರಿ ಬರುವಂತಾಗುವುದೇ ಫುಟ್‌ಪಾತ್ ತುಂಬಿಹೋದಾಗ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

138(1ಎ) ಕಲಮಿನ ಪದಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಸಾರ್ವಜನಿಕ ಸ್ಥಳಗಳಲ್ಲೂ ರಾಷ್ಟ್ರೀಯ ಹೆದ್ದಾರಿಗಳಲ್ಲೂ ಎಂಜಿನ್ ಇಲ್ಲದ ವಾಹನಗಳ ಮತ್ತು ಪಾದಚಾರಿಗಳ ಚಟುವಟಿಕೆ ಹಾಗೂ ಪ್ರವೇಶವನ್ನು ನಿಯಂತ್ರಿಸಲು ರಾಜ್ಯ ಸರ್ಕಾರ ನಿಯಮ ಮಾಡಬಹುದು ಎಂದು ಅದು ಹೇಳುತ್ತದೆ. ನಿಯಂತ್ರಣಕ್ಕೆ ಒಳಗಾಗುವವರು ನಡೆಯುವವರು. ಈ ಒಕ್ಕಣೆಯನ್ನು ಹಿಡಿದು ರಸ್ತೆಯ ನಡುವೆ ಬೇಲಿ ಎಬ್ಬಿಸುವುದು, ಅಡ್ಡ ದಾಟಿದವರಿಗೆ ದಂಡ ಹಾಕುವುದು, ಎಲ್ಲರನ್ನೂ ಸ್ಕೈವಾಕಿನ ಮೆಟ್ಟಿಲು ಹತ್ತಿಸುವುದು ಇಷ್ಟಕ್ಕೇ ನಿಯಮಗಳನ್ನು ಮುಗಿಸಿಬಿಡುವುದೂ ಸಾಧ್ಯ, ಹಾಗಾದರೆ ನ್ಯಾಯಾಲಯದ ಆದೇಶ ಕಾಗದದಲ್ಲಿ ಪಾಲನೆಯಾಗಿ ಅದರ ಉದ್ದೇಶ ತಲೆಕೆಳಗಾಗುತ್ತದೆ. ಪಾದಚಾರಿಗಳಿಗೆ ಎಲ್ಲಿ, ಎಷ್ಟು ದೂರಕ್ಕೊಂದು ನೆಲಮಟ್ಟದ ದಾಟುದಾರಿ ಇರಬೇಕು, ಯಾವ ಬೀದಿಗಳಲ್ಲಿ ಮಿತಿ 30 ಆಗಬೇಕು, ಫ್ರೀ ಲೆಫ್ಟ್ ಎಲ್ಲಿ ರದ್ದಾಗಬೇಕು ಎಂಬುದನ್ನು ನಿಯಮಗಳೂ ಅವುಗಳ ಜೊತೆಗಿನ ಸ್ಥಳೀಯ ಅಧಿಸೂಚನೆಗಳೂ ಸ್ಪಷ್ಟವಾಗಿ ಹೇಳಬೇಕು. ಚಾಲಕನನ್ನು ತಿದ್ದುವ ಕೊಂಡಿ ಕಾಯ್ದೆಯಲ್ಲಿ ಈಗಾಗಲೇ ಇದೆ: 2019ರ ತಿದ್ದುಪಡಿಯಂತೆ, ಅನರ್ಹಗೊಂಡ ಚಾಲಕ ಪುನಶ್ಚೇತನ ತರಬೇತಿ ಮುಗಿಸಿದ ಮೇಲಷ್ಟೇ ಲೈಸೆನ್ಸ್ ಹಿಂದಕ್ಕೆ ಪಡೆಯಬೇಕು. ಪಟ್ಟೆಯ ಮೇಲೆ ದಾರಿ ಬಿಡದಿರುವುದನ್ನು 184ನೇ ಕಲಮಿನಡಿ ದಾಖಲಿಸುವ ಪರಿಪಾಠವನ್ನು ಪೊಲೀಸರು ಗೇನ್ಸ್‌ವಿಲ್ ಮಾದರಿಯ ಅಳೆದ ಗುರುತುಗಳ ಸಾಕ್ಷ್ಯದೊಂದಿಗೆ ಆರಂಭಿಸಿ ಅನರ್ಹತೆಯವರೆಗೂ ಒಯ್ದರೆ, ಆ ತರಬೇತಿ ತನಗೆ ಅತಿ ಅಗತ್ಯವಿರುವ ಚಾಲಕನನ್ನು ತಲುಪುತ್ತದೆ.

ಇದರಲ್ಲಿ ಓದುಗರಿಗೂ ಒಂದು ಕೆಲಸವಿದೆ. ಮೋಟಾರು ವಾಹನ ಕಾಯ್ದೆಯ 212ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಯಾವ ನಿಯಮವನ್ನೂ ಮೊದಲು ಕರಡಾಗಿ ಪ್ರಕಟಿಸದೆ ಅಂತಿಮಗೊಳಿಸುವಂತಿಲ್ಲ. ಕರಡು ರಾಜ್ಯಪತ್ರದಲ್ಲಿ ಬಂದ ಮೇಲೆ ನಿಗದಿತ ದಿನಗಳೊಳಗೆ ಯಾವ ನಾಗರಿಕನಾದರೂ ಆಕ್ಷೇಪಣೆ, ಸಲಹೆ ಬರೆದು ಕಳಿಸಬಹುದು. ವಾಹನ ಮಾಲೀಕರ ಸಂಘಗಳು, ಸಾರಿಗೆ ಉದ್ದಿಮೆಯವರು ಇಂಥ ಅವಕಾಶವನ್ನು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವುದಿಲ್ಲ. ನಡೆದು ಹೋಗುವವರಿಗೆ ಸಂಘವಿಲ್ಲದ್ದರಿಂದ, ಕರಡು ಹೊರಬಂದಾಗ ತಮ್ಮ ಬೀದಿಯ ಪಟ್ಟೆ, ತಮ್ಮ ಬಸ್ ನಿಲ್ದಾಣದ ಮುಂದಿನ ಎಡತಿರುವು, ತಮ್ಮ ಮಕ್ಕಳ ಶಾಲೆಯೆದುರಿನ ವೇಗಮಿತಿ ಇವುಗಳನ್ನು ಹೆಸರು ಹೇಳಿ ಬರೆದು ಸಾರಿಗೆ ಇಲಾಖೆಗೆ ಕಳಿಸುವ ಕೆಲಸವನ್ನು ಓದುಗರು ಒಬ್ಬೊಬ್ಬರಾಗಿಯೇ ಮಾಡಬೇಕು.